ಸಿಗುವುದು, ಸಿಗಬಹುದು, ಸಿಕ್ಕರೆ ಭಾಗ್ಯ

ಕಳೆದ ಭಾನುವಾರ ನಮ್ಮ ಕನ್ನಡ ಕೂಟದ ಕನ್ನಡ ಕಲಿ ತರಗತಿ ಮುಗಿದ ಮೇಲೆ, ಮಕ್ಕಳು ಬಿಟ್ಟುಹೋದ ಕಾಪಿ ಪುಸ್ತಕಗಳನ್ನು ನಾನು ಜೋಡಿಸುತ್ತಿದ್ದಾಗ ಹನ್ನೆರಡನೆಯ ತರಗತಿಯ ನಮ್ಮ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಹತ್ತಿರ ಬಂದ. ಮೂರು ವರ್ಷಗಳಿಂದ ಒಂದು ವಾರವೂ ತಪ್ಪಿಸದೆ ಬಂದು ಪುಟ್ಟ ಮಕ್ಕಳಿಗೆ ಒತ್ತಕ್ಷರ ತಿದ್ದಿಸುವ ಹುಡುಗ ಅವನು. ಅಮೆರಿಕದ ಅನೇಕ ಕಾಲೇಜುಗಳಿಗೆ ಒಂದೇ ಆಗಿ ಸಲ್ಲುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಒಂದೊಂದು ಚಟುವಟಿಕೆಯನ್ನೂ 150 ಅಕ್ಷರಗಳೊಳಗೆ ವಿವರಿಸಬೇಕು, ಖಾಲಿ ಜಾಗವೂ ಆ ಲೆಕ್ಕಕ್ಕೆ ಸೇರುತ್ತದೆ. ಅವನು ಬರೆದದ್ದು 188 ಆಗಿತ್ತು. ಯಾವ ಪದ ಬಿಡಲಿ ಎಂದು ಕೇಳಿದವನು, ಸ್ವಲ್ಪ ತಡೆದು ಇನ್ನೊಂದು ಮಾತು ಕೇಳಿದ: "ಆಂಟಿ, ಇದನ್ನ ಹಾಕಿದ್ರೆ ನನ್ನ ಚಾನ್ಸ್ ಎಷ್ಟು ಪರ್ಸೆಂಟ್ ಜಾಸ್ತಿ ಆಗುತ್ತೆ?"

ಆ ಪ್ರಶ್ನೆಯಲ್ಲಿ ಸ್ವಾರ್ಥವಿರಲಿಲ್ಲ. ಅವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ನನಗೆ ಕೂಡಲೇ ಉತ್ತರ ಹೇಳಲಾಗಲಿಲ್ಲ. ಈ ಸಂಚಿಕೆಗೆಂದು ಕರ್ನಾಟಕ ಏಕೀಕರಣದ ಬಗ್ಗೆ ಅರ್ಧ ಸಂಪಾದಕೀಯ ಬರೆದಿಟ್ಟಿದ್ದೆ. ಪತ್ರಿಕೆ ನಾಳೆ ಬೆಳಗ್ಗೆ ಹೋಗಬೇಕಾಗಿದ್ದರೂ ಅದನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ನವೆಂಬರ್ 1 ಎಂದರೆ ನಮ್ಮ ಅನೇಕ ಮನೆಗಳಲ್ಲಿ ಈಗ ಎರಡು ಅರ್ಥ. ಒಂದು 1956ರಲ್ಲಿ ನಾಡು ಒಂದಾದ ದಿನ. ಇನ್ನೊಂದು, ಅನೇಕ ಕಾಲೇಜುಗಳಿಗೆ ಅರ್ಲಿ ಡಿಸಿಷನ್, ಅರ್ಲಿ ಆ್ಯಕ್ಷನ್ ಎಂಬ, ಬೇಗ ಹಾಕಿ ಬೇಗ ಉತ್ತರ ಪಡೆಯುವ ಅರ್ಜಿ ಸಲ್ಲಿಸುವ ಕೊನೆಯ ದಿನ. ನಾಡಗೀತೆಯ ಅಭ್ಯಾಸಕ್ಕೆ ಈ ಬಾರಿ ಹನ್ನೆರಡನೆಯ ತರಗತಿಯ ಒಂದು ಮಗುವೂ ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನನಗೆ ನೆನಪಾದದ್ದು 1996ರ ಮಳೆಗಾಲ. ನಮ್ಮ ತಂದೆ ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಪಿಯುಸಿಯ ಅಂಕಕ್ಕೆ ಅರ್ಧ, ಸಿಇಟಿಯ ಅಂಕಕ್ಕೆ ಅರ್ಧ ತೂಕ ಕೊಟ್ಟು ರ‍್ಯಾಂಕ್ ಕಟ್ಟುತ್ತಿದ್ದ ಕಾಲವದು. ನನ್ನ ರ‍್ಯಾಂಕ್ ಬಂದ ಸಂಜೆಯೇ ಅಪ್ಪ ಇನ್ನೂರು ಪುಟದ ಗೆರೆ ಪುಸ್ತಕವೊಂದನ್ನು ತೆಗೆದು, ಶಾಲೆಯ ಕೆಂಪು ಪೆನ್ಸಿಲಿನಿಂದ ಎರಡು ಗೆರೆ ಎಳೆದು, ಪುಟವನ್ನು ಮೂರು ಕಲಮುಗಳಾಗಿ ಮಾಡಿದರು. ತಲೆಬರಹಗಳನ್ನು ನೀಲಿ ಶಾಯಿಯಲ್ಲಿ, ಕಪ್ಪುಹಲಗೆಯ ಮೇಲೆ ಬರೆಯುವಂತೆಯೇ ಗುಂಡಗೆ ಬರೆದರು: ಸಿಗುವುದು, ಸಿಗಬಹುದು, ಸಿಕ್ಕರೆ ಭಾಗ್ಯ. ಹಿಂದಿನ ವರ್ಷ ಸೀಟು ಪಡೆದವರ ಮನೆಗಳಿಗೆ ಸೈಕಲ್ಲಿನಲ್ಲಿ ಹೋಗಿ, ಯಾವ ಕಾಲೇಜಿನಲ್ಲಿ ಯಾವ ವಿಭಾಗ ಎಷ್ಟನೆಯ ರ‍್ಯಾಂಕಿಗೆ ಮುಗಿಯಿತೆಂದು ವಿಚಾರಿಸಿಕೊಂಡು ಬಂದು ತುಂಬಿದರು. ಮೈಸೂರಿನ ಎಲೆಕ್ಟ್ರಾನಿಕ್ಸ್ ಮೂರನೆಯ ಕಲಮಿನಲ್ಲಿತ್ತು, ಶಿವಮೊಗ್ಗ ಮೊದಲನೆಯದರಲ್ಲಿ. ಹೆಚ್ಚು ಶುಲ್ಕದ ಪೇಮೆಂಟ್ ಸೀಟನ್ನು ಯಾವ ಕಲಮಿನಲ್ಲೂ ಬರೆಯಲಿಲ್ಲ. "ಅದು ನಮಗಲ್ಲ" ಎಂದು ಒಮ್ಮೆ ಹೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ.

ಅದಾದ ಮೇಲೆ ಅವರು ಮಾಡಿದ ಕೆಲಸದ ಬೆಲೆ ನನಗೆ ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು. ಕೌನ್ಸೆಲಿಂಗಿಗೆ ಇನ್ನೂ ಹತ್ತು ದಿನವಿರುವಾಗ, ಮೈಸೂರಿಗಲ್ಲ, ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಕಾಲೇಜಿನ ಗ್ರಂಥಾಲಯದ ಬಾಗಿಲಲ್ಲಿ ನಿಲ್ಲಿಸಿದರು, ಪ್ರಯೋಗಾಲಯದ ಸಹಾಯಕರೊಬ್ಬರನ್ನು ಮಾತಿಗೆಳೆದರು, ಬಸ್‌ಸ್ಟ್ಯಾಂಡಿನಿಂದ ಚಿಕ್ಕಮ್ಮನ ಮನೆಗೆ ಎಷ್ಟು ಹೊತ್ತಿನ ದಾರಿ ಎಂದು ನಡೆದೇ ತೋರಿಸಿದರು, ಕೊನೆಗೆ ಮಸಾಲೆ ದೋಸೆ ಕೊಡಿಸಿದರು. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದುಕೊಂಡು, ಕೌನ್ಸೆಲಿಂಗ್ ನಡೆಯುವಲ್ಲಿ ಕುಳಿತು ಉಳಿದಿರುವ ಸೀಟುಗಳ ಸಂಖ್ಯೆ ಕಣ್ಣೆದುರೇ ಕರಗುವುದನ್ನು ನೋಡಿದೆವು. ಮೈಸೂರಿನ ಮುಂದಿದ್ದ ಸಂಖ್ಯೆ ಮೂರಾಯಿತು, ಒಂದಾಯಿತು, ನನ್ನ ಸರದಿಗೆ ಇನ್ನೂ ಹನ್ನೊಂದು ಜನರಿರುವಾಗ ಸೊನ್ನೆಯಾಯಿತು. ನನಗೆ ಅಳು ಬರಲಿಲ್ಲ. ಶಿವಮೊಗ್ಗದ ಗ್ರಂಥಾಲಯದ ಬಾಗಿಲು ನನಗೆ ಆಗಲೇ ಗೊತ್ತಿತ್ತು.

ಆ ಪುಸ್ತಕದ ಮೂರು ಕಲಮುಗಳನ್ನು ಇಲ್ಲಿ ಅದೇ ಕ್ರಮದಲ್ಲಿ ಸೇಫ್ಟಿ, ಟಾರ್ಗೆಟ್, ರೀಚ್ ಎನ್ನುತ್ತಾರೆ. ಹೆಸರು ಬದಲಾದರೂ ವಿಂಗಡಣೆ ಅದೇ. ಆದರೆ ಅಪ್ಪನ ಕೈಯಲ್ಲಿ ಒಂದು ರ‍್ಯಾಂಕ್ ಇತ್ತು, ನಮ್ಮ ಕೈಯಲ್ಲಿ ಇಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಅವಕಾಶವನ್ನು ಸಿಇಟಿಯ ಕಣ್ಣಿನಿಂದ ಅಳೆಯುವುದೇ ನಮ್ಮ ಸಮುದಾಯದ ದೊಡ್ಡ ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ಜಿಪಿಎ (ಶಾಲೆಯ ಸರಾಸರಿ ಅಂಕ) ಇಷ್ಟು, ಎಸ್‌ಎಟಿ (ಪ್ರವೇಶ ಪರೀಕ್ಷೆ) ಇಷ್ಟು, ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯ) ಇಷ್ಟು, ಪಕ್ಕದ ಮನೆಯ ಹುಡುಗನಿಗೂ ಇಷ್ಟೇ ಇತ್ತು, ಅವನಿಗೆ ಸಿಕ್ಕಿತಲ್ಲ ಎಂಬ ತರ್ಕ ಅಲ್ಲಿ ಸರಿಹೋಗುತ್ತಿತ್ತು. ಅತಿ ಬಿಗಿಯಾದ ಕಾಲೇಜುಗಳಲ್ಲಿ ಅಂಕಗಳು ಬಾಗಿಲ ತನಕ ಕರೆದೊಯ್ಯುತ್ತವೆ, ಒಳಗೆ ಕರೆದೊಯ್ಯುವುದಿಲ್ಲ. 2024ರಲ್ಲಿ ಹಾರ್ವರ್ಡ್‌ಗೆ ಬಂದ 54,008 ಅರ್ಜಿಗಳಲ್ಲಿ ಪ್ರವೇಶ ದೊರೆತದ್ದು 1,937ಕ್ಕೆ, ಅಂದರೆ ಶೇಕಡ 4ಕ್ಕಿಂತ ಕಡಿಮೆ. ಈ ದೇಶದಲ್ಲಿ ಸಾವಿರಾರು ಹೈಸ್ಕೂಲುಗಳಿವೆ, ಪ್ರತಿಯೊಂದರಲ್ಲೂ ಮೊದಲ ಸ್ಥಾನದವರೊಬ್ಬರಿದ್ದಾರೆ. ಅವರಷ್ಟೇ ಅರ್ಜಿ ಹಾಕಿದರೂ ಜಾಗ ಸಾಲದು.

ಆ ಶೇಕಡ 4 ಕೂಡ ನಮ್ಮ ಮಗುವಿನ ಶೇಕಡ 4 ಅಲ್ಲ. ಹಾರ್ವರ್ಡ್ ವಿರುದ್ಧ ನಡೆದ ಮೊಕದ್ದಮೆಯ ದಾಖಲೆಗಳಿಂದ ಹೊರಬಂದ ಸಂಗತಿಯೊಂದಿದೆ: ಕ್ರೀಡಾ ಆಯ್ಕೆಯವರು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಅಧ್ಯಾಪಕರ ಮಕ್ಕಳು, ಡೀನ್ ವಿಶೇಷ ಗಮನ ಕೊಡುವ ಪಟ್ಟಿಯಲ್ಲಿದ್ದವರು, ಇವರೆಲ್ಲ ಸೇರಿ ಅರ್ಜಿದಾರರಲ್ಲಿ ಶೇಕಡ 5ಕ್ಕಿಂತ ಕಡಿಮೆ, ಪ್ರವೇಶ ಪಡೆದವರಲ್ಲಿ ಸುಮಾರು ಶೇಕಡ 30. ಉಳಿದವರ ಅವಕಾಶ ಆ ಶೇಕಡ 4ಕ್ಕಿಂತಲೂ ಕಡಿಮೆಯೇ ಎಂದು ಬೇರೆ ಹೇಳಬೇಕಾಗಿಲ್ಲ. ಅರ್ಲಿ ಸುತ್ತಿನಲ್ಲಿ ಪ್ರವೇಶದ ಪ್ರಮಾಣ ಹೆಚ್ಚು ಎನ್ನುವವರೂ ಈ ಮಾತನ್ನು ನೆನಪಿಡಬೇಕು, ಏಕೆಂದರೆ ಕ್ರೀಡಾಪಟುಗಳ ದೊಡ್ಡ ಪಾಲು ಆ ಸುತ್ತಿನಲ್ಲೇ ಇರುತ್ತದೆ.

ಇನ್ನೊಂದು ಲೆಕ್ಕ. ನಮ್ಮ ಕೂಟದ ಸ್ನೇಹಿತರೊಬ್ಬರು ಬಹಳ ಶ್ರದ್ಧೆಯಿಂದ ಹಾಕಿ ನನಗೆ ತೋರಿಸಿದ್ದು. ಒಂದೊಂದು ಕಾಲೇಜಿನಲ್ಲಿ ಶೇಕಡ 5ರಷ್ಟು ಅವಕಾಶವಿದ್ದರೆ, ಇಪ್ಪತ್ತು ಕಾಲೇಜುಗಳಿಗೆ ಹಾಕಿದಾಗ ಎಲ್ಲಿಯೂ ಸಿಗದಿರುವ ಸಂಭವ 0.95ನ್ನು ಇಪ್ಪತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇಕಡ 36. ಆದ್ದರಿಂದ ಎಲ್ಲಾದರೂ ಒಂದು ಕಡೆ ಸಿಗುವ ಸಂಭವ ಶೇಕಡ 64. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕ ನಿಲ್ಲುವುದು ಇಪ್ಪತ್ತು ಕಡೆಯೂ ಬೇರೆ ಬೇರೆ ದಾಳ ಉರುಳಿದರೆ ಮಾತ್ರ. ಇಲ್ಲಿ ಹೋಗುವುದು ಒಂದೇ ಮಗುವಿನ ಒಂದೇ ಅಂಕಪಟ್ಟಿ, ಅದೇ 650 ಪದಗಳ ಪ್ರಬಂಧ, ಅದೇ ಇಬ್ಬರು ಶಿಕ್ಷಕರ ಪತ್ರ. ಒಂದು ಕಡೆ ಓದಿದವರಿಗೆ ಸಪ್ಪೆ ಎನಿಸಿದ್ದು ಹತ್ತೊಂಬತ್ತು ಕಡೆಯೂ ಸಪ್ಪೆ ಎನಿಸುವ ಸಂಭವವೇ ಹೆಚ್ಚು. ಮೂರನೆಯ ಕಲಮನ್ನು ಎಷ್ಟು ಉದ್ದ ಮಾಡಿದರೂ ಅದು ಎರಡನೆಯ ಕಲಮಾಗುವುದಿಲ್ಲ.

ಹಾಗಾದರೆ ನಿಜವಾದ ಅಂದಾಜು ಎಲ್ಲಿಂದ ಬರಬೇಕು? ಅಪ್ಪ ಸೈಕಲ್ಲಿನಲ್ಲಿ ಹೋಗಿ ಕೇಳಿದಂತೆಯೇ, ಹತ್ತಿರದಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು (ಯುಸಿ) ಯಾವ ಹೈಸ್ಕೂಲಿನಿಂದ ಯಾವ ಕ್ಯಾಂಪಸ್ಸಿಗೆ ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿಗೆ ಸಿಕ್ಕಿತು, ಎಷ್ಟು ಮಂದಿ ಸೇರಿದರು ಎಂಬುದನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಪಾರ್ಟಿಯಲ್ಲಿ ಕೇಳಿದ ಹತ್ತು ಮಾತಿಗಿಂತ ನಿಮ್ಮ ಶಾಲೆಯ ಆ ಒಂದು ಸಾಲು ಹೆಚ್ಚು ತಿಳಿಸುತ್ತದೆ. 2024ರಲ್ಲಿ ಅದರ ಲಾಸ್ ಏಂಜಲೀಸ್ ಕ್ಯಾಂಪಸ್ಸಾದ ಯುಸಿಎಲ್ಎಗೆ 1,46,000ಕ್ಕೂ ಹೆಚ್ಚು ಅರ್ಜಿ ಬಂದು, ಪ್ರವೇಶ ದೊರೆತದ್ದು ಸುಮಾರು ಶೇಕಡ 9ಕ್ಕೆ. ಮರ್ಸೆಡ್, ರಿವರ್‌ಸೈಡ್ ಕ್ಯಾಂಪಸ್ಸುಗಳಲ್ಲಿ ಬಹುಪಾಲು ಅರ್ಜಿದಾರರಿಗೆ ದೊರೆಯುತ್ತದೆ. ಕಂಪ್ಯೂಟರ್ ಸೈನ್ಸ್ ಎಂದು ಬರೆದ ಕೂಡಲೇ ಹಲವು ಕಡೆ ಅದೇ ಕಾಲೇಜು ಕಷ್ಟದ ಕಡೆಗೆ ಒಂದು ಕಲಮು ಸರಿಯುತ್ತದೆ. ಯುಸಿಯಲ್ಲಿ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ. ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿತು, ಹಾರ್ವರ್ಡ್ ಮತ್ತು ಕ್ಯಾಲ್ಟೆಕ್ 2024ರಲ್ಲಿ ಅದೇ ದಾರಿ ಹಿಡಿದವು. ಭಾರತೀಯರೆಂದು ನಮ್ಮ ಮಕ್ಕಳಿಗೆ ಅವಕಾಶ ಕಡಿಮೆ ಎಂಬ ಮಾತು ಪ್ರತಿ ವರ್ಷ ಫಲಿತಾಂಶ ಬರುವ ಮಾರ್ಚ್‌ನಲ್ಲಿ ಕೇಳಿಬರುತ್ತದೆ. ನಾವಿರುವ ಕ್ಯಾಲಿಫೋರ್ನಿಯಾದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಜನಾಂಗವನ್ನು ಪರಿಗಣಿಸಬಾರದೆಂದು ಮತದಾರರು 1996ರಲ್ಲಿಯೇ ತೀರ್ಮಾನಿಸಿದರು, ಇಡೀ ದೇಶಕ್ಕೆ ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ಅದೇ ಅರ್ಥದ ತೀರ್ಪು ಕೊಟ್ಟಿತು. ಮಕ್ಕಳೆದುರು ಆ ಮಾತನ್ನಾಡದಿರುವುದು ಒಳ್ಳೆಯದು.

ಅಪ್ಪನ "ಅದು ನಮಗಲ್ಲ" ಎಂಬ ಮಾತನ್ನೂ ನಾವು ಅರ್ಜಿಗೆ ಮೊದಲೇ ಆಡಿಕೊಳ್ಳಬೇಕು. ಕುಟುಂಬದ ಆದಾಯ ತುಂಬಿದರೆ ನಿಮಗೆ ಬೀಳಬಹುದಾದ ವೆಚ್ಚದ ಅಂದಾಜು ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರನ್ನು 2011ರಿಂದ ಕಾಲೇಜುಗಳು ಇಡಲೇಬೇಕೆಂಬ ಕಾನೂನಿದೆ. ಒಂದು ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿ. ಸಿಕ್ಕ ಮೇಲೆ ಬೇಡವೆನ್ನುವುದಕ್ಕಿಂತ ಪಟ್ಟಿಯಲ್ಲಿ ಬರೆಯದಿರುವುದು ಕಡಿಮೆ ನೋವು. ಅರ್ಲಿ ಡಿಸಿಷನ್ ಹಾಕುವವರು ಇದನ್ನು ಇನ್ನೂ ಗಂಭೀರವಾಗಿ ಮಾಡಬೇಕು, ಸಿಕ್ಕರೆ ಹೋಗುತ್ತೇವೆಂದು ಮಾತು ಕೊಟ್ಟು ಹಾಕುವ ಅರ್ಜಿ ಅದು.

ನನ್ನ ಮಗಳ ಪಟ್ಟಿಯಲ್ಲಿ, ಎರಡು ವರ್ಷದ ಹಿಂದೆ, ಹದಿಮೂರು ಹೆಸರುಗಳಿದ್ದವು. ಅವುಗಳಲ್ಲಿ ಹತ್ತು ಮೂರನೆಯ ಕಲಮಿನವು. ಆ ಹತ್ತರಲ್ಲಿ ಆರನ್ನು ವಿಮಾನದಲ್ಲಿ ಹೋಗಿ ನೋಡಿ ಬಂದೆವು. ಮೊದಲ ಕಲಮಿನ ಎರಡಕ್ಕೆ ಕಾರಿನಲ್ಲಿ ಹೋಗುವಷ್ಟು ಹತ್ತಿರದಲ್ಲಿದ್ದರೂ ಹೋಗಲಿಲ್ಲ. ಫಲಿತಾಂಶಗಳೆಲ್ಲ ಬಂದ ಮಾರ್ಚ್ ಕೊನೆಯ ಆ ಸಂಜೆ ಊಟದ ಮೇಜಿನ ಮುಂದೆ ಕುಳಿತು ಅವಳು ಕೇಳಿದ್ದು ಒಂದೇ ಮಾತು: "ಅಮ್ಮಾ, ನಾನು ಹೋಗೋ ಜಾಗನ ನೀನು ಒಂದ್ಸಲಾನೂ ಚೆನ್ನಾಗಿದೆ ಅಂದಿಲ್ಲ." ಶಿವಮೊಗ್ಗದ ದೋಸೆಯ ಅರ್ಥ ನನಗೆ ತಿಳಿದದ್ದು ಆಗ. ಇಂದಿಗೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಹನ್ನೊಂದನೆಯ ತರಗತಿಯ ಮಕ್ಕಳ ತಂದೆ ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ: ಸ್ಟ್ಯಾನ್‌ಫರ್ಡ್ ನೋಡುವ ಮೊದಲು ಮಗು ಹೋಗುವುದು ಖಚಿತವೆನಿಸುವ ಕ್ಯಾಂಪಸ್ಸಿಗೆ ಹೋಗಿ ಬನ್ನಿ. ಡಿ ಆ್ಯಂಜಾದಂಥ ಎರಡು ವರ್ಷದ ಕಮ್ಯುನಿಟಿ ಕಾಲೇಜನ್ನೂ ನೋಡಿ. ಅಲ್ಲಿ ನಿಗದಿತ ವಿಷಯ, ನಿಗದಿತ ಜಿಪಿಎ ಪೂರೈಸಿದರೆ ಯುಸಿಯ ಆರು ಕ್ಯಾಂಪಸ್ಸುಗಳಲ್ಲಿ ಒಂದಕ್ಕೆ ವರ್ಗಾವಣೆಯ ಖಾತರಿ ಪಡೆಯುವ ವ್ಯವಸ್ಥೆಯಿದೆ. ಡೇವಿಸ್, ಅರ್ವೈನ್, ಸ್ಯಾಂಟಾ ಬಾರ್ಬರಾ ಆ ಆರರಲ್ಲಿ ಸೇರಿವೆ. ಬರ್ಕ್ಲಿ, ಯುಸಿಎಲ್ಎ, ಸ್ಯಾನ್ ಡಿಯೇಗೊಗಳಿಗೆ ಆ ಖಾತರಿ ಇಲ್ಲ, ಆದರೆ ಅಲ್ಲಿಗೂ ಇದೇ ದಾರಿಯಲ್ಲಿ ಹೋದವರು ಬಹಳ. ಕಮ್ಯುನಿಟಿ ಕಾಲೇಜಿನ ಹೆಸರನ್ನು ನಮ್ಮ ಮನೆಗಳಲ್ಲಿ ತಗ್ಗಿದ ದನಿಯಲ್ಲಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಕಟಣೆಗಳಿಗೆ ಉಳಿದಿರುವ ಜಾಗ ಸ್ವಲ್ಪ. ರಾಜ್ಯೋತ್ಸವ ಎಂದಿನ ಶಾಲಾ ಸಭಾಂಗಣದಲ್ಲಿ, ನವೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ 3ಕ್ಕೆ. ಧ್ವಜವಂದನೆಗೆ ದಯವಿಟ್ಟು ಸಮಯಕ್ಕೆ ಬನ್ನಿ. ಊಟಕ್ಕೆ ಹೆಸರು ಕೊಡಲು ಬುಧವಾರ ಕೊನೆಯ ದಿನ. ಬಿಸಿಬೇಳೆಬಾತು ಕೂಟದ್ದು, ಕೋಸಂಬರಿ ಮತ್ತು ಸಿಹಿಗೆ ಮೂರು ಮನೆಗಳು ಬೇಕು. ಕನ್ನಡ ಕಲಿ ತರಗತಿ ಥ್ಯಾಂಕ್ಸ್‌ಗಿವಿಂಗ್ ವಾರ ಇರುವುದಿಲ್ಲ. ಎರಡು ಭಾಷೆ ಬಲ್ಲ ಹೈಸ್ಕೂಲ್ ಮಕ್ಕಳಿಗೆ ಕೊಡುವ ಮನ್ನಣೆಯಾದ ಸೀಲ್ ಆಫ್ ಬೈಲಿಟರಸಿಗೆ ಕನ್ನಡವನ್ನು ಪರಿಗಣಿಸುತ್ತಾರೆಯೇ ಎಂದು ನಿಮ್ಮ ಶಾಲಾ ಜಿಲ್ಲೆಯಲ್ಲಿ ಈಗಲೇ ವಿಚಾರಿಸಿ. ಕುರ್ಚಿ ಜೋಡಿಸಲು ಆರು ಜನ, ಧ್ವನಿವರ್ಧಕಕ್ಕೆ ಒಬ್ಬರು ಬೇಕು. ಈ ಪತ್ರಿಕೆಯ ಕರಡು ತಿದ್ದಲು ಕಳೆದ ನಾಲ್ಕು ಸಂಚಿಕೆಗಳಿಂದ ನಾನೊಬ್ಬಳೇ ಇದ್ದೇನೆ. ತಿಂಗಳಿಗೆ ಎರಡು ರಾತ್ರಿ ಕೊಡಬಲ್ಲವರು ಒಬ್ಬರಾದರೂ ಮುಂದೆ ಬಂದರೆ ಜನವರಿ ಸಂಚಿಕೆ ಬರುತ್ತದೆ, ಇಲ್ಲದಿದ್ದರೆ ಬರುವುದು ಕಷ್ಟ.

ಯುಸಿ ಅರ್ಜಿಗೆ ನವೆಂಬರ್ ಅಂತ್ಯದವರೆಗೆ ಸಮಯವಿದೆ. ಅಲ್ಲಿ 350 ಪದ ಮೀರದ ನಾಲ್ಕು ಉತ್ತರಗಳನ್ನು ಬರೆಯಬೇಕು. ಅವನ್ನು ಓದಿ ಅಭಿಪ್ರಾಯ ಹೇಳಬಲ್ಲ ಹಿರಿಯರು, ಈಗ ಕಾಲೇಜಿನಲ್ಲಿರುವ ನಮ್ಮದೇ ಮಕ್ಕಳು, ರಾಜ್ಯೋತ್ಸವದ ದಿನ ಸಭಾಂಗಣದ ಹಿಂಬದಿಯ ಮೇಜಿನ ಬಳಿ ಒಂದು ಗಂಟೆ ಕುಳಿತರೆ ಬಹಳ ಉಪಕಾರ. ಓದಿ ಹೇಳಿದರೆ ಸಾಕು, ಬರೆದುಕೊಡಬೇಡಿ.

ಆ ಹುಡುಗನಿಗೆ ಅವನ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರವಿಲ್ಲ ಎಂದು ಹೇಳಿದೆ. ಸಂಘದ ಹೆಸರು, ಗಂಟೆಗಳ ಲೆಕ್ಕ, "ನಾಯಕತ್ವ" ಎಂಬ ಪದ, ಮೂರನ್ನೂ ತೆಗೆದುಹಾಕಿ, ನೀನು ಮಾಡುವುದೇನು ಎಂದು ಮಾತ್ರ ಬರೆ ಎಂದೆ. ಕಾಪಿ ಪುಸ್ತಕಗಳ ರಾಶಿಯ ಪಕ್ಕದಲ್ಲಿ ನಿಂತೇ ಅವನು ತಿದ್ದಿದ. ಒಂಬತ್ತು ಮಕ್ಕಳಿಗೆ "ಅಜ್ಜಿ" ಎಂದು ಬರೆಯಲು ಕಲಿಸುತ್ತೇನೆ, ಜ ಕೆಳಗಿನ ಒತ್ತು ಎಲ್ಲರಿಗೂ ಕಷ್ಟ, ಬಂದ ದಿನ ಅವರು ಊರಿಗೆ ಫೋನ್ ಮಾಡುತ್ತಾರೆ ಎಂಬರ್ಥದ ಎರಡು ಸಾಲು ಇಂಗ್ಲಿಷಿನಲ್ಲಿ ಉಳಿದವು. ಎಣಿಸಿದಾಗ 141 ಅಕ್ಷರವಿತ್ತು. ಮುಂದಿನ ಭಾನುವಾರವೂ ಅವನ ತರಗತಿ ಎಂದಿನಂತೆ ಹತ್ತು ಗಂಟೆಗೆ.

— ಸಂಪಾದಕಿ