ಸೋಲಾರ್ ಪ್ಯಾನೆಲ್ ಹೊಳಪು: ಮಧ್ಯಾಹ್ನ ಬಂದು ನೋಡಿದ್ರೆ ಏನೂ ಕಾಣಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಒಬ್ರು ಬರೆದಿದ್ರು, ಸೋಲಾರ್ ಪ್ಯಾನೆಲ್ ಇರೋದೇ ಬಿಸಿಲನ್ನ ಹೀರ್ಕೊಳ್ಳೋಕೆ, ಅದು ಕಣ್ಣಿಗೆ ಹೊಡೆಯುತ್ತೆ ಅನ್ನೋದೆಲ್ಲ ಹೊಟ್ಟೆಕಿಚ್ಚಿನ ಮಾತು ಅಂತ. ಅರ್ಧ ಸರಿ. ಇನ್ನರ್ಧ ನಮ್ಮ ಮೆಟ್ಟಿಲ ಹತ್ರದ ಕಿಟಕಿ ಕಲಿಸಿದ್ದು, ಅದಕ್ಕೇ ಈ ಪತ್ರ.

ನಾವಿರೋದು ಎರಡನೇ ಮಹಡಿ. ಪೂರ್ವಕ್ಕೆ ಪಕ್ಕದವರ ಮನೆ, ಒಂದೇ ಅಂತಸ್ತು, ಟೆರೇಸ್ ಮೇಲೆ ದಕ್ಷಿಣಕ್ಕೆ ಸ್ವಲ್ಪ ವಾಲಿಸಿ ಪ್ಯಾನೆಲ್ ಹಾಕಿಸಿದ್ರು. ಮಾರ್ಚ್ ಎರಡನೇ ವಾರದಿಂದ ಬೆಳಿಗ್ಗೆ ಏಳೂವರೆ ಸುಮಾರಿಗೆ ಮೆಟ್ಟಿಲು ಇಳೀತಿದ್ರೆ ಕೆಳಗಿಂದ ಇನ್ನೊಂದು ಸೂರ್ಯ ಹುಟ್ಟಿದ ಹಾಗೆ, ಒಂದು ಹೆಜ್ಜೆ ಇಡೋಕಾಗ್ತಿರ್ಲಿಲ್ಲ, ಕಣ್ಣು ಮುಚ್ಚಿದ್ರೂ ಒಳಗೆ ಒಂದು ಹಸಿರು ಚೌಕ ತೇಲ್ತಾ ಇರೋದು. ಇಪ್ಪತ್ತು ನಿಮಿಷ ಅಷ್ಟೇ, ಆಮೇಲೆ ಏನೂ ಇಲ್ಲ. ಪಕ್ಕದವರು ಒಳ್ಳೆಯವರು, ಪ್ಯಾನೆಲ್ ಹಾಕಿದ ಕಂಪನಿಯವರನ್ನ ಕರೆಸಿದ್ರು, ಅವ್ರು ಬಂದಿದ್ದು ಮಧ್ಯಾಹ್ನ ಹನ್ನೆರಡಕ್ಕೆ! ಕಿಟಕೀಲಿ ನಿಂತು ನೋಡಿದ್ರು, ನಕ್ಕರು, ಹೋದ್ರು. ಮತ್ತೆ ಹಠ ಹಿಡಿದು ಬೆಳಿಗ್ಗೇನೇ ಕರೆಸೋ ಹೊತ್ತಿಗೆ ಏಪ್ರಿಲ್ ಅರ್ಧ ಕಳೆದಿತ್ತು, ಹೊಳಪೇ ಮಾಯ. ನಾನು ಸುಳ್ಳುಗಾರ ಆದೆ.

ಸೆಪ್ಟೆಂಬರ್ ಬಂತು, ಅದೂ ಬಂತು. ಈ ಸಲ ಸುಮಾರು ಕಾಲು ಗಂಟೆ ಮುಂಚೆ.

ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು, ಇದರಲ್ಲಿ ವಿಚಿತ್ರ ಏನೂ ಇಲ್ಲ. ಜೂನ್ 21ಕ್ಕೆ ಸೂರ್ಯ ಉತ್ತರದ ಕೊನೆ ಮುಟ್ಟಿ ವಾಪಸ್ ಬರ್ತಾನಲ್ಲ, ಮಾರ್ಚ್‌ನಲ್ಲಿ ಹೋದ ದಾರೀಲೇ ಸೆಪ್ಟೆಂಬರ್‌ನಲ್ಲಿ ಮರಳ್ತಾನೆ, ಹಾಗಾಗಿ ಈ ತರದ ಹೊಳಪು ವರ್ಷಕ್ಕೆ ಎರಡು ಸಲ ಬರೋದು ಸಾಮಾನ್ಯ. ಅಂದ್ರೆ ಯಾವ ದಿನ, ಎಷ್ಟೊತ್ತಿಗೆ, ಎಷ್ಟು ನಿಮಿಷ ಅಂತ ಬರೆದಿಡದೆ ದೂರು ಕೊಟ್ರೆ ಪ್ರಯೋಜನ ಇಲ್ಲ, ಗಡಿಯಾರ ನೋಡದೆ ಪರೀಕ್ಷೆ ಮಾಡೋಕೆ ಬಂದ್ರೂ ಪ್ರಯೋಜನ ಇಲ್ಲ.

ಈಗ ಹೀರ್ಕೊಳ್ಳೋ ವಿಷಯ. ಸೂರ್ಯ ನೇರ ಎದುರಿಗಿದ್ದಾಗ ಸಾದಾ ಗಾಜಿನ ಮೇಲ್ಮೈ ವಾಪಸ್ ಕಳಿಸೋದು ನೂರಕ್ಕೆ 4 ಭಾಗದಷ್ಟು ಬೆಳಕು, ಪ್ಯಾನೆಲ್ ಗಾಜಿಗೆ ಕೋಟಿಂಗ್ ಇರೋದ್ರಿಂದ ಇನ್ನೂ ಕಮ್ಮಿ. ಪತ್ರ ಬರೆದವರು ಹೇಳಿದ್ದು ಈ ಲೆಕ್ಕವೇ. ಆದ್ರೆ ಬೆಳಕು ಓರೆಯಾಗಿ ಬಿದ್ದಷ್ಟೂ ಗಾಜು ಕನ್ನಡಿ ಆಗ್ತಾ ಹೋಗುತ್ತೆ, 70 ಡಿಗ್ರಿ ಓರೆಗೆ ನೂರಕ್ಕೆ 17ರ ಆಸುಪಾಸು, 80 ದಾಟಿದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅಷ್ಟು ಓರೆಯಲ್ಲಿ ಕೋಟಿಂಗ್ ಮಾಡೋ ಉಪಕಾರಾನೂ ಅಷ್ಟಕ್ಕಷ್ಟೇ. ಇನ್ನೊಂದು, ಸೂರ್ಯನ ನೂರರಲ್ಲಿ ಬರೀ ನಾಲ್ಕು ಭಾಗ ಅಂದ್ರೂ ಕಣ್ಣಿಗೆ ಅದು ಸಣ್ಣದಲ್ಲ ಸ್ವಾಮಿ.

ಕಮ್ಮಿ ಮಾಡೋದು ಹೇಗೆ? ಗಾಜಿನ ಮೈ ತರಿತರಿಯಾಗಿರೋ ಪ್ಯಾನೆಲ್ ಸಿಗುತ್ತೆ, ಅದು ಬೆಳಕನ್ನ ಚೆದುರಿಸುತ್ತೆ, ತೀಕ್ಷ್ಣತೆ ಇಳಿಯುತ್ತೆ, ಆದ್ರೆ ಹರಡಿಕೊಂಡಿರೋದ್ರಿಂದ ಮಂದ ಹೊಳಪು ಇನ್ನೂ ಜಾಸ್ತಿ ಹೊತ್ತು ಕಾಣಬಹುದು. ಮಧ್ಯೆ ಗಿಡಾನೋ ಪರದೆಯೋ ಇಡಬಹುದು. ಎಲ್ಲಕ್ಕಿಂತ ಒಳ್ಳೇದು ಪ್ಯಾನೆಲ್ ದಿಕ್ಕು ಬದಲಾಯಿಸೋದು. ಚಿಕ್ಕವರಿದ್ದಾಗ ಕನ್ನಡೀಲಿ ಬಿಸಿಲು ಹಿಡಿದು ಎದುರು ಗೋಡೆ ಮೇಲೆ ಓಡಿಸ್ತಿದ್ವಲ್ಲ, ಕೈ ಚೂರು ಅಲ್ಲಾಡಿದ್ರೆ ಬೆಳಕು ಎಲ್ಲೋ ಹಾರಿಹೋಗ್ತಿತ್ತು. ಇದೂ ಹಾಗೇ, ಪ್ಯಾನೆಲನ್ನ ಸೂರ್ಯ ಇರೋ ಕಡೆಗೆ ಒಂದು ಡಿಗ್ರಿ ವಾಲಿಸಿದ್ರೆ ವಾಪಸ್ ಬರೋ ಕಿರಣ ಎರಡು ಡಿಗ್ರಿ ಸರಿಯುತ್ತೆ. ಅಮೆರಿಕದ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ 2012ರಲ್ಲಿ ಪಾರ್ಕಿಂಗ್ ಕಟ್ಟಡದ ಮೇಲೆ ಪ್ಯಾನೆಲ್ ಹಾಕಿ, ಕಂಟ್ರೋಲ್ ಟವರ್‌ನಲ್ಲಿದ್ದವರ ಕಣ್ಣಿಗೆ ಹೊಡೆದು, ಟಾರ್ಪಾಲಿನ್ ಹೊದಿಸಿ ಕೂರಬೇಕಾಯ್ತು, ಕೊನೆಗೆ ಪ್ಯಾನೆಲ್‌ಗಳನ್ನ 90 ಡಿಗ್ರಿ ತಿರುಗಿಸಿ ಪೂರ್ವಕ್ಕೆ ಮುಖ ಮಾಡಿದ್ರು. ಅಷ್ಟು ದೊಡ್ಡವರೇ ಆಮೇಲೆ ಒದ್ದಾಡಿದ್ದಾರೆ ಅಂದ್ರೆ ನಮ್ಮ ಪಕ್ಕದವರನ್ನ ಏನಂತ ಬೈಯ್ಯೋದು.

ಬೇಜಾರು ಅಂದ್ರೆ ಇದೆಲ್ಲ ಮೊದಲೇ ಲೆಕ್ಕ ಹಾಕಬಹುದಾದ ವಿಷಯ. ಸೂರ್ಯ ಎಲ್ಲಿರ್ತಾನೆ ಅನ್ನೋದು ನಿಮಿಷ ನಿಮಿಷಕ್ಕೂ ಗೊತ್ತು, ಪ್ಯಾನೆಲ್ ವಾಲು ಗೊತ್ತು, ಎದುರು ಕಿಟಕಿ ಎತ್ತರ ಗೊತ್ತು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ ಮಾಡಿರೋ ವಿಧಾನದಲ್ಲಿ ಹೊಳಪನ್ನ ಕಣ್ಣಿಗೆ ಎಷ್ಟು ತೊಂದರೆ ಅನ್ನೋದರ ಮೇಲೆ ಹಸಿರು, ಹಳದಿ, ಕೆಂಪು ಅಂತ ಮೂರು ಭಾಗ ಮಾಡ್ತಾರೆ, ನನ್ನ ಕಣ್ಣೊಳಗೆ ತೇಲಿದ ಆ ಚೌಕ ಇದೆಯಲ್ಲ, ಅಂಥದ್ದು ಬರೋ ಸಾಧ್ಯತೆ ಇದ್ರೆ ಹಳದಿ. ಜರ್ಮನಿಯ ಮಾರ್ಗಸೂಚೀಲಿ ಮನೆಗಳ ಮೇಲೆ ಬೀಳೋ ಹೊಳಪು ದಿನಕ್ಕೆ 30 ನಿಮಿಷ ಅಥವಾ ವರ್ಷಕ್ಕೆ 30 ಗಂಟೆ ಮುಟ್ಟಿದ್ರೆ ಅದನ್ನ ಗಂಭೀರ ತೊಂದರೆ ಅಂತಾರೆ. ಆ ಲೆಕ್ಕದಲ್ಲಿ ನಮ್ಮದು ಪಾಸ್, ಅದನ್ನೂ ಒಪ್ಕೋತೀನಿ. ಆದ್ರೆ ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ಕುರುಡಾಗೋದು ಬೇರೆ, ಖಾಲಿ ಗೋಡೆ ಮೇಲೆ ಬೀಳೋದು ಬೇರೆ.

ನನ್ನ ಬೇಡಿಕೆ ಇಷ್ಟೇ, ಪ್ಯಾನೆಲ್ ಹಾಕೋಕೆ ಮುಂಚೆ ತುಂಬೋ ಅರ್ಜೀಲಿ ನೆರಳಿನ ಲೆಕ್ಕ ಕೇಳೋ ಹಾಗೆ ಹೊಳಪಿನದ್ದೂ ಒಂದು ಕಾಲಂ ಇರ್ಲಿ, ಅಕ್ಕಪಕ್ಕದಲ್ಲಿ ಎತ್ತರದ ಮನೆ ಇದೆಯಾ, ರಸ್ತೆ ಇದೆಯಾ, ಯಾವ ತಿಂಗಳು ಎಷ್ಟೊತ್ತಿಗೆ ಅಲ್ಲಿಗೆ ಬೆಳಕು ತಲುಪುತ್ತೆ. ಸೋಲಾರ್ ಬೇಡ ಅಂತ ನಾನು ಹೇಳ್ತಿಲ್ಲ, ನಾಳೆ ನಮ್ಮ ಮನೆ ಮೇಲೂ ಬರುತ್ತೆ.

ಪಕ್ಕದವರು ಹೋದ ತಿಂಗಳು ನಮ್ಮ ಕಿಟಕಿಗೆ ಹತ್ರ ಇರೋ ಒಂದು ಸಾಲನ್ನ ಮಾತ್ರ ಪೂರ್ವಕ್ಕೆ ತಿರುಗಿಸಿದ್ರು. ಕಾಗದದ ಮೇಲಿನ ಲೆಕ್ಕದಲ್ಲಿ ಬೆಳಗಿನ ಬೆಳಕು ನಮ್ಮ ತಲೆ ಮೇಲಿಂದ ಹೋಗ್ಬೇಕು, ಸಂಜೆದು ಆಚೆ ಕಡೆ ಹೋಗುತ್ತೆ, ಅಲ್ಲಿ ಸದ್ಯಕ್ಕೆ ಖಾಲಿ ಮೈದಾನ. ಮಾರ್ಚ್‌ನಲ್ಲಿ ಇಬ್ಬರೂ ಕಿಟಕೀಲಿ ನಿಂತು ನೋಡೋದು ಅಂತ ಮಾತಾಗಿದೆ, ಬೆಳಿಗ್ಗೆ ಏಳೂವರೆಗೆ.

ಇಂತಿ,
ನಿಮ್ಮ ಓದುಗ