ಅರ್ಜಿ ಹಾಕುವ ಮೊದಲು ಇದನ್ನು ಓದು, ಪುಟ್ಟಿ

ಪುಟ್ಟಿ,

ಜಡ್ಜ್ ಹುದ್ದೆಗೆ ಅರ್ಜಿ ಹಾಕುತ್ತೇನೆ ಅಂದೆ, ನಾನು ಬೇಡ ಅಂದೆ, ನೀನು ಫೋನಿಟ್ಟೆ. ಜೋರು ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹೆಮ್ಮೆ ಇಲ್ಲ ಅಂತಲ್ಲ. ಊರಲ್ಲಿ ಚಿಕ್ಕಪ್ಪನಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ನಿನ್ನ ಆಸೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನ ತನಕ ಇದೆ ಅಂತಲೂ ಗೊತ್ತು. ಹೆದರಿಕೆ ಇರೋದೇ ಅಲ್ಲಿ.

1986ರಲ್ಲಿ ನಾನು ಸ್ಯಾನ್ ಹೋಸೆಗೆ ಹೊಸಬ. ನಮ್ಮ ಕಡೆ ಜಡ್ಜ್‌ಗೆ ವೋಟೆಲ್ಲಿ? ಇಲ್ಲಿ ಬ್ಯಾಲೆಟ್ಟಿನಲ್ಲಿ ಅದೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಹೆಸರು, ಹುದ್ದೆಯಲ್ಲಿ ಮುಂದುವರಿಯಬೇಕಾ ಅಂತ ಪಕ್ಕದಲ್ಲಿ ಹೌದು, ಇಲ್ಲ. ಎದುರಾಳಿಯೇ ಇಲ್ಲ. ಆ ಕುರ್ಚಿಗೆ ಬಂದ ಮೊದಲ ಹೆಂಗಸು ಅವರು. 1977ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ನೇಮಿಸಿದ್ದು. ತಮ್ಮ ಮುಂದೆ ಬಂದ ಮರಣದಂಡನೆ ಒಂದನ್ನೂ ಅವರು ಎತ್ತಿಹಿಡಿಯಲಿಲ್ಲ. ಅದಕ್ಕೇ ಕಾರುಗಳ ಹಿಂದೆಲ್ಲ ಅವರನ್ನು ಇಳಿಸಿ ಅನ್ನೋ ಸ್ಟಿಕ್ಕರ್. ಮೂರರಲ್ಲಿ ಎರಡು ಪಾಲು ಜನ ‘ಇಲ್ಲ’ ಒತ್ತಿದರು. ಅದೇ ಕೋರ್ಟಿನ ಜಡ್ಜ್‌ಗಳಾದ ಕ್ರೂಸ್ ರೆನೋಸೊ, ಜೋಸೆಫ್ ಗ್ರೋಡಿನ್ ಕೂಡ ಅದೇ ದಿನ ಸೋತರು.

ಆಮೇಲೆ ಆಯಮ್ಮ ಈಸ್ಟ್ ಪಾಲೊ ಆಲ್ಟೊದಲ್ಲಿ ಬಡವರ ಕಾನೂನು ನೆರವಿನ ಕಚೇರಿಗೆ ಹೋಗಿ, ತಾನು ಯಾರು ಅಂತ ಹೇಳದೆ, ಜೆರಾಕ್ಸ್ ಮಾಡಿಕೊಡುತ್ತಿದ್ದರಂತೆ. ಅದನ್ನು ಓದಿದ ಮೇಲೆ ನನಗೆ ನೆಮ್ಮದಿಯಿಲ್ಲ. ಹಾಳೆ ಇಡೋದು, ಮುಚ್ಚಳ ಹಾಕೋದು, ಬಟನ್ ಒತ್ತೋದು, ಮತ್ತೆ ಹಾಳೆ. ಇಡೀ ರಾಜ್ಯಕ್ಕೆ ತೀರ್ಪು ಬರೆದ ಕೈ ಅದು! ಆ ಮೆಷಿನ್ ಮುಂದೆ ನನಗೆ ಕಾಣೋದು ನೀನೇ. ಯಾರೋ ಇನ್ನೆರಡು ಕಾಪಿ ಅನ್ನುತ್ತಾರೆ, ನೀನು ತಲೆಯಾಡಿಸುತ್ತೀಯ. 1999ರಲ್ಲಿ, ಬರೀ 63ಕ್ಕೆ, ಕ್ಯಾನ್ಸರ್ ಅವರನ್ನು ತಗೊಂಡುಹೋಯಿತು.

ನಿನ್ನಮ್ಮ ಕೇಳೋದೇ ಬೇರೆ. ಜಡ್ಜ್ ಆಗೋ ಮುಂಚೆ ರಾಜ್ಯದ ಕೃಷಿ ಮತ್ತು ಸೇವೆಗಳ ಇಲಾಖೆ ರೋಸ್ ಬರ್ಡ್ ಕೈಲಿತ್ತು. ಲೆಟ್ಯೂಸ್ ಸೊಪ್ಪಿನ ಹೊಲದ ಕೂಲಿಗಳು ಮೊಳದುದ್ದ ಹಿಡಿಯ ಗುದ್ದಲಿ ಹಿಡಿದು ದಿನವಿಡೀ ಬಗ್ಗಿಯೇ ಇರಬೇಕಿತ್ತು. 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಂತು, ಅದರಲ್ಲಿ ಇವರ ಪಾಲು ದೊಡ್ಡದು. ‘ಅಷ್ಟು ಜನರ ಸೊಂಟ ಉಳಿಸಿದ್ದು ಕಡಿಮೆಯಾ?’ ಅಂತಾಳೆ. ಮಂಡ್ಯದ ಗದ್ದೇಲಿ ಕಳೆ ಕಿತ್ತು ಕಿತ್ತು ಕೊನೆಗೆ ನೆಟ್ಟಗೆ ನಿಲ್ಲಲಾಗದ ನಮ್ಮವ್ವನನ್ನು ನೆನೆದರೆ, ನಾನೇನು ಎದುರು ಹೇಳಲಿ?

ಆದರೂ ಕೇಳು. ಟೀವಿ ನೋಡಿ ತೀರ್ಪು ಬರೆಯಬೇಡ. ಸೋತವನಿಗೂ ಯಾಕೆ ಸೋತೆ ಅಂತ ತಿಳಿಯೋ ಹಾಗೆ ಬರಿ. ಸಾಲ ಜಾಸ್ತಿ ಇಟ್ಟುಕೊಳ್ಳಬೇಡ, ಕೆಲಸ ಹೋಗುತ್ತೆ ಅನ್ನೋ ಭಯ ತೀರ್ಪಿನೊಳಗೆ ನುಸುಳಬಾರದು. ಮಧ್ಯಾಹ್ನದ ಊಟ ಬಿಡಬೇಡ.

ಸರಿ, ಅರ್ಜಿ ಹಾಕು. ಮನೆಯವರ ವಿಷಯ ಕೇಳಿದ್ದರೆ, ಊರಿನ ಜಮೀನಿನ ಕೇಸು ಇನ್ನೂ ನನ್ನ ಹೆಸರಲ್ಲಿ ನಡೆಯುತ್ತಿದೆ ಅಂತ ಬರಿ. ಮುಚ್ಚಿಡಬೇಡ. ಕಾಗದಪತ್ರ ತೆಗೆದಿಟ್ಟಿದ್ದೇನೆ, ಭಾನುವಾರ ಬಂದು ತಗೊಂಡು ಹೋಗು.

ನಿನ್ನ ಅಪ್ಪ