ಒಡ್ಡಿನ ಸಾಹೇಬರ ಮನೆಯಿಂದ

ಅಪ್ಪ ತೀರಿಕೊಂಡು ಇವತ್ತಿಗೆ ಇಪ್ಪತ್ಮೂರು ದಿನ. ಗದಗಿನ ನಮ್ಮ ಮನೆಗೆ ಬಂದವರು, ಬರಲಾಗದೆ ಫೋನ್ ಮಾಡಿ ಅತ್ತವರು, ರೋಣ, ಮುಂಡರಗಿ, ಶಿಗ್ಗಾಂವಿ ಕಡೆಯಿಂದ ಬಸ್ಸು ಹತ್ತಿ ಬಂದು ಹೆಸರೂ ಹೇಳದೆ ಹೊರಟುಹೋದವರು, ಯಾರಿಗೂ ನೆಟ್ಟಗೆ ಒಂದು ಮಾತು ಹೇಳಲು ಆಗಲಿಲ್ಲ. ಅದಕ್ಕೇ ಈ ಬರಹ. ಯಾರನ್ನಾದರೂ ಬಿಟ್ಟುಗಿಟ್ಟೇನೆಂದು ಅವ್ವ ಪಕ್ಕದಲ್ಲೇ ಕಾವಲು ಕೂತಿದ್ದಾಳೆ.

ಕೊನೆಯ ನಾಲ್ಕು ತಿಂಗಳು ವಾರಕ್ಕೆರಡು ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ತಮ್ಮ ಗಾಡಿ ತೆಗೆಯುತ್ತಿದ್ದ ಪಕ್ಕದ ಮನೆಯ ಕಾಕಾ ಡೀಸೆಲ್ ದುಡ್ಡನ್ನೂ ಮುಟ್ಟಲಿಲ್ಲ. ರಕ್ತ ಕೊಟ್ಟ ಓಣಿಯ ಹುಡುಗರಿಗೆ, ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಿದ್ದ ಚಿಗವ್ವಂದಿರಿಗೆ ಶರಣು. ಸೂಜಿ ಚುಚ್ಚುವಾಗೆಲ್ಲ ಅಪ್ಪನ ಮಾತು ಕೇಳಿಸಿಕೊಂಡ ಆ ನರ್ಸ್ ಬಾಯಿಗೂ. ಮೊದಲ ದಿನವೇ ಅಪ್ಪ ಆಕೆಗೆ ತಮ್ಮ ರೋಗ ವಿವರಿಸಿದ್ದರು: "ಒಡ್ಡು ಗಟ್ಟಿ ಐತಿ ತಂಗಿ, ಕೋಡಿ ಕಟ್ಟೇತಿ. ಬಂದ ನೀರು ಹೊರಗ ಹೋಗವಲ್ದು." ಆಕೆಗೆ ಏನೂ ತಿಳಿಯಲಿಲ್ಲ. ಒಡ್ಡು ಅಂದರೆ ಹೊಲದಲ್ಲಿ ಮಳೆನೀರು ತಡೆಯುವ ಮಣ್ಣಿನ ಬದು, ಕೋಡಿ ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ ಅಂತ ನಾನೇ ಬಿಡಿಸಿ ಹೇಳಬೇಕಾಯಿತು.

ಹೌದು, ಅಪ್ಪನಿಗೆ ಒಡ್ಡು, ಕೋಡಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. 1972ರ ಬರದಲ್ಲಿ, ಇಪ್ಪತ್ತೆರಡರ ಹುಡುಗ, ಬರಗಾಲದ ಕಾಮಗಾರಿಯಲ್ಲಿ ಹಾಜರಿ ಬರೆಯುತ್ತಿದ್ದರು. ಅದೇ ಹಾಜರಿಯಲ್ಲಿ ಅವರ ಅವ್ವನ ಹೆಸರೂ ಇತ್ತು, ಮಣ್ಣಿನ ಬುಟ್ಟಿ ಹೊರುವವರ ಸಾಲಿನಲ್ಲಿ. ಎರಡು ವರ್ಷಕ್ಕೆ ಭೂಸಾರ ಸಂರಕ್ಷಣೆಯ ನೌಕರಿ ಸಿಕ್ಕಿತು. ಗದಗ ಆಗ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟರೊಳಗೆ ಅಪ್ಪನ ಹೆಸರು ಹೋಗಿ "ಒಡ್ಡಿನ ಸಾಹೇಬ್ರು" ಅನ್ನುವುದೇ ಉಳಿದಿತ್ತು. ನನ್ನ ಮದುವೆ ಕಾರ್ಡು ಹಂಚಲು ಹೋದಾಗಲೂ ಊರೂರಲ್ಲಿ ಹಾಗೆಂದೇ ಹೇಳಿಕೊಳ್ಳಬೇಕಾಯಿತು.

ಈಗ ಒಬ್ಬರ ವಿಷಯ ಬರೆಯಲೇಬೇಕು. ಹೆಸರು ಹಾಕಬೇಡ ತಂಗಿ ಅಂದಿದ್ದಾರೆ, ಹಾಕುವುದಿಲ್ಲ.

ನೌಕರಿ ಸೇರಿ ನಾಲ್ಕನೇ ವರ್ಷವೋ ಏನೋ. ರೋಣದ ಕಡೆ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಅಪ್ಪ ಒಂದು ಒಡ್ಡು ಹಾಕಿಸಿದರು. ಮಟ್ಟ ನೋಡುವ ಡಂಪಿ ಲೆವೆಲ್ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೇ ಮಟ್ಟ, ಕಲಿತದ್ದು ಕಲಿತ ಹಾಗೆ. ಹೊಲದ ಯಜಮಾನ ಆಗಲೇ ಅಂದಿದ್ದನಂತೆ, "ಸಾಹೇಬ್ರ, ಇದು ಮಸಾರಿ ಅಲ್ರಿ, ಎರಿ. ಹೊಟ್ಟಿ ತುಂಬಿದ ಮ್ಯಾಲ ನೀರು ಕುಡಿಯಂಗಿಲ್ಲ." ಮಸಾರಿ ಅಂದರೆ ಕೆಂಪು ಮಣ್ಣು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂಗಾರಿ ಜೋಳ ಬಿತ್ತಿ ಮೊಳಕೆ ಬಂದಿತ್ತು, ಮೂರು ದಿನ ಮಳೆ ಹಿಡಿಯಿತು. ಒಡ್ಡಿನ ಮೇಲ್ಮಗ್ಗಲಿಗೆ ನೀರು ನಿಂತದ್ದು ನಿಂತೇ ಇತ್ತು. ಯಜಮಾನ ರಾತ್ರೋರಾತ್ರಿ ಗುದ್ದಲಿ ತೆಗೆದುಕೊಂಡು ಹೋಗಿ ಒಡ್ಡು ಕಡಿದುಬಿಟ್ಟ.

ಬೆಳಿಗ್ಗೆ ಅಪ್ಪ ಹೋಗಿ ಕೂಗಾಡಿದರು. ಸರ್ಕಾರಿ ಕೆಲಸ ಕೆಡಿಸಿದ್ದೀ, ಕೇಸು ಹಾಕಿಸ್ತೀನಿ ಅಂತ ಅಲ್ಲೇ ಕೂತು ವರದಿ ಬರೆದರು. ಆತ ಎದುರು ಮಾತಾಡಲಿಲ್ಲ. ನೀರು ಇಳಿದ ಮಡಿಯೊಳಗೆ ಕಾಲಿಟ್ಟು ಒಂದು ಜೋಳದ ಸಸಿ ಕಿತ್ತು ಅಪ್ಪನ ಕೈಗೆ ಕೊಟ್ಟ. ಎಲೆ ಹಳದಿ, ಬೇರು ಮೆತ್ತಗೆ. ಅಪ್ಪ ಮೂಸಿ ನೋಡಿದರು. ಕೊಳೆತ ನಾತ. ಆ ನಾತ ತಮ್ಮ ವರದಿಯದ್ದು ಅಂತ ಆಮೇಲೆ ಎಷ್ಟೋ ಸಲ ನಗುತ್ತ ಹೇಳಿದ್ದಾರೆ. ಅವತ್ತು ನಗಲಿಲ್ಲವಂತೆ, ಹಾಳೆ ಹರಿದು ಕಿಸೆಗೆ ಹಾಕಿಕೊಂಡು ನಡೆದೇ ಊರಿಗೆ ಬಂದರಂತೆ.

ಎರಿಯ ಗುಣವೇ ಹಾಗೆ. ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಎರಿ ಮಣ್ಣಿನ ಒಡ್ಡೂ ಹಾಗೇ ಬಿರಿಯುತ್ತದೆ. ಮೊದಲ ಜೋರು ಮಳೆ ಆ ಬಿರುಕಿಗೆ ಹೊಕ್ಕರೆ ಒಡ್ಡಿಗೆ ಒಡ್ಡೇ ಕಿತ್ತುಕೊಂಡು ಹೋಗುತ್ತದೆ. ಕಪ್ಪತಗುಡ್ಡದ ಬುಡದ ಮಸಾರಿಯಲ್ಲಿ ಒಂದೇ ಮಟ್ಟದ ಸಮಪಾತಳಿ ಒಡ್ಡು ಸರಿ, ಅಲ್ಲಿ ನೀರು ಇಂಗುತ್ತದೆ. ಎರಿಯಲ್ಲಿ ನೀರನ್ನು ತಡೆದು ನಿಲ್ಲಿಸಬಾರದು, ಸಾವಕಾಶ ನಡೆಸಬೇಕು. ಮರುವರ್ಷ ಅದೇ ಹೊಲದಲ್ಲಿ ಅಪ್ಪ 100 ಮೀಟರಿಗೆ 20 ಸೆಂಟಿಮೀಟರ್ ಇಳುಕಲು ಕೊಟ್ಟು ಒಡ್ಡು ಹಾಕಿಸಿದರು. ಕಲ್ಲಿನ ಕೋಡಿ ಎಲ್ಲಿಡೋಣ ಅಂತ ಯಜಮಾನನನ್ನೇ ಕೇಳಿದರು. ಆತ ತೋರಿಸಿದ್ದು ತಾನು ಗುದ್ದಲಿ ಹಾಕಿದ ಜಾಗವನ್ನೇ!

ಅಲ್ಲಿಂದ ಮುಂದೆ ಅಪ್ಪ ಲೆವೆಲ್ ಇಡುವುದಕ್ಕೆ ಮೊದಲು ಕಟ್ಟೆಯ ಮೇಲೆ ಕೂರುತ್ತಿದ್ದರು. ಜಗಳ ಇರುತ್ತಲೇ ಇತ್ತು. ಒಡ್ಡು ನನ್ನ ಹೊಲದಾಗ ಯಾಕ, ಅವನ ಹೊಲದಾಗ ಹಾಕ್ರಿ ಅಂತ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದುಂಟು. ಸುಜಲ ಜಲಾನಯನ ಯೋಜನೆ ಧಾರವಾಡ, ಹಾವೇರಿ ಜಿಲ್ಲೆಗಳಿಗೆ ಬಂದು ಊರವರೇ ಗುಂಪು ಕಟ್ಟಿಕೊಂಡು ಕೆಲಸ ಆರಿಸುವಂತಾದಾಗ ಅಪ್ಪ ಹಾವೇರಿಯಲ್ಲಿದ್ದರು. "ಈಗ ಸರೀ ಆತು ನೋಡ, ಮೊದಲ ಕೇಳ್ತಾರ, ಆಮ್ಯಾಲ ಅಗೀತಾರ" ಅಂದಿದ್ದರು. 2009ರ ಆ ದೊಡ್ಡ ನೆರೆಯ ಹೊತ್ತಿಗೆ ನಿವೃತ್ತಿಗೆ ಕೆಲವೇ ತಿಂಗಳು ಬಾಕಿ. ಮಳೆ ಹೊಳವಾಗುವುದನ್ನೂ ಕಾಯದೆ ಹಳೆಯ ಒಡ್ಡು ನೋಡಲು ಹೊರಟುಬಿಟ್ಟರು. ಎರಡು ದಿನ ಸುದ್ದಿ ಇಲ್ಲ. ಅವ್ವ ಇವತ್ತಿಗೂ ಅದನ್ನು ಕ್ಷಮಿಸಿಲ್ಲ. ಕ್ಷಮಿಸಬೇಕು ಅಂತ ನಾನೂ ಹೇಳುವುದಿಲ್ಲ.

ಅವ್ವನಿಗೆ ಅಪ್ಪ ಬಾಯಿಬಿಟ್ಟು ಧನ್ಯವಾದ ಹೇಳಿದ್ದು ನಾನಂತೂ ಕೇಳಿಲ್ಲ. ಅವರ ಬಾಕಿ ನಾನು ತೀರಿಸುತ್ತೇನೆ. ಮಳೆಗಾಲದಲ್ಲಿ ಎರಿ ಹೊಲ ತುಳಿದು ಬಂದರೆ ಒಂದೊಂದು ಚಪ್ಪಲಿಯೂ ಇಟ್ಟಂಗಿ ತೂಕ. ಅವ್ವ ಮುರುಕು ಕುಡಗೋಲಿನಿಂದ ಆ ಮಣ್ಣನ್ನು ಹೆರೆದು ತೆಗೆಯುವಳು. ಬಚ್ಚಲಿಗೆ ಹಾಕುವ ಹಾಗಿಲ್ಲ, ಅಪ್ಪನ ಅಪ್ಪಣೆ! ಹಿತ್ತಲ ಕರಿಬೇವಿನ ಬುಡಕ್ಕೇ ಬೀಳಬೇಕು. ನಾಲ್ಕು ತಾಲೂಕಿನ ಮಣ್ಣು ತಿಂದ ಆ ಗಿಡ ಈಗ ಮಾಳಿಗೆ ದಾಟಿದೆ. ಸಂಬಳ ತಡವಾದ ತಿಂಗಳು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಸಂಭಾಳಿಸಿದವಳು, ನಮ್ಮಿಬ್ಬರನ್ನು ಓದಿಸಿದವಳು, ಹೊತ್ತಲ್ಲದ ಹೊತ್ತಿನಲ್ಲಿ ಬರುವ ರೈತರಿಗೆ ರೊಟ್ಟಿ ಬಡಿದವಳು ಅವಳು. ಇದನ್ನು ಓದಿ ಹೇಳಿದರೆ, "ಅದೆಲ್ಲಾ ಯಾಕ ಬರೀತೀ, ಚಾ ಮಾಡಿಕೊಟ್ಟವರ ಹೆಸರು ಬರಿ" ಅನ್ನುತ್ತಾಳೆ. ಚಾ ಮಾಡಿಕೊಟ್ಟವರು ಮೂರನೇ ಮನೆಯ ಅಕ್ಕ. ಮೂರು ದಿನ ನಮ್ಮ ಒಲೆ ಹಚ್ಚಲು ಬಿಡಲಿಲ್ಲ.

ಮಣ್ಣು ಕೊಡುವ ದಿನ ನಾಲ್ಕೈದು ಊರಿನವರು ತಮ್ಮ ಹೊಲದ ಮಣ್ಣನ್ನು ಟವೆಲ್ಲಿನ ತುದಿಗೆ ಗಂಟು ಕಟ್ಟಿ ತಂದಿದ್ದರು. ಕರೀದು, ಕೆಂಪು, ಬೂದಿ ಬಣ್ಣದ್ದು, ಎಲ್ಲವೂ ಕುಣಿಯೊಳಗೆ ಬಿತ್ತು. ಆ ಹೊತ್ತಿನಲ್ಲಿ ನನಗೆ ಅಳುವಿನ ಜೊತೆ ನಗುವೂ ಬಂದದ್ದು ನಿಜ. ಎದ್ದು ಕೂತಿದ್ದರೆ "ಮ್ಯಾಲಿನ ಮಣ್ಣು ಯಾಕ ಕೆರಕೊಂಡು ಬಂದ್ರೋ?" ಅಂತ ಬೈಯುತ್ತಿದ್ದರು.

ಒಡ್ಡು ಕಡಿದ ಯಜಮಾನರೂ ಬಂದಿದ್ದರು. ಎಂಬತ್ತು ದಾಟಿದೆ, ಮೊಮ್ಮಗ ಬೈಕಿನ ಮೇಲೆ ಕೂರಿಸಿಕೊಂಡು ಬಂದಿದ್ದ. ಅವರ ಕೈಯಲ್ಲಿ ಮಣ್ಣಿರಲಿಲ್ಲ, ಬಿಳಿಜೋಳದ ಐದು ತೆನಿ ಇದ್ದವು. ಯಾರೋ ಕೇಳಿದ್ದಕ್ಕೆ, "ಒಡ್ಡಿನ ಮಣ್ಣು ಮುಟ್ಟಬ್ಯಾಡ ಅಂತ ಸಾಹೇಬ್ರು ಆಣಿ ತಗೊಂಡಾರ. ಒಮ್ಮೆ ಮುಟ್ಟಿದ್ದು ಸಾಕು" ಅಂದರು.

ಯಜಮಾನರೇ, ಆ ತೆನಿಗಳನ್ನು ಅವ್ವ ಅಪ್ಪನ ಫೋಟೋದ ಪಕ್ಕ ಜೋತು ಹಾಕಿದ್ದಾಳೆ. ಎರಡನ್ನು ಆಗಲೇ ಗುಬ್ಬಿ ಖಾಲಿ ಮಾಡಿವೆ.